ಮೈಬಣ್ಣದ ಪಟ್ಟಿ

ಅಂಗಡಿಯೊಳಗೆ ಅವಳು ತನ್ನ ತಾಯಿಯನ್ನು ಅಕ್ಕ ಎಂದು ಕರೆಯುತ್ತಿದ್ದಳು.

ಒಂದೇ ಮನೆಯ ಇಬ್ಬರು ಒಂದೇ ಅಂಗಡಿಯಲ್ಲಿ ಇರುವಂತಿಲ್ಲ. ಅದು ಕಂಪನಿಯ ನಿಯಮ. ಬೀದಿಗೊಂದು ಅಂಗಡಿ ಇರುವ ಕಂಪನಿ ಅದು. ಎಲ್ಲ ಅಂಗಡಿಗೂ ಒಂದೇ ಬಣ್ಣ, ಒಂದೇ ಕಾಫಿ, ಒಂದೇ ಡೋನಟ್, ಒಂದೇ ನಿಯಮ. ತಾಯಿ ಒಂಬತ್ತು ವರ್ಷದಿಂದ ಹಿಂದಿನ ಕೋಣೆಯಲ್ಲಿ ಡೋನಟ್ ಕರಿಯುತ್ತಿದ್ದಳು. ಎಲ್ಲರೂ ಅವಳನ್ನು ಎಣ್ಣೆಯಕ್ಕ ಎನ್ನುತ್ತಿದ್ದರು. ಮಗಳು ಡಿಗ್ರಿ ಮುಗಿಸಿ, ನಾಲ್ಕಾರು ಕಡೆ ಅಲೆದು, ಎಲ್ಲೂ ದಾರಿ ಕಾಣದೆ ಎರಡು ವರ್ಷದ ಹಿಂದೆ ಮುಂದಿನ ಕೌಂಟರಿಗೆ ಸೇರಿದಳು. ಅರ್ಜಿಯಲ್ಲಿ ತಾಯಿಯ ಹೆಸರು ಕೇಳಿದ ಕಡೆ ಸತ್ತ ಅಜ್ಜಿಯ ಹೆಸರು ಬರೆದಳು.

"ಅದ್ರಲ್ಲೇನು ಸುಳ್ಳಿದೆ? ಅವಳೂ ತಾಯಿನೇ ತಾನೇ," ಎಂದು ತಾಯಿಯೇ ಹೇಳಿಕೊಟ್ಟಿದ್ದಳು.

ಮೊದಮೊದಲು ಇಬ್ಬರಿಗೂ ಅದೊಂದು ಆಟ. "ಅಕ್ಕಾ, ಸಕ್ಕರೆದು ಎರಡು ತಟ್ಟೆ!" ಎಂದು ಮಗಳು ಕೂಗಿದರೆ, ತಾಯಿ ಆ ಕಡೆ ತಿರುಗಿ ನಗು ನುಂಗಿಕೊಳ್ಳುತ್ತಿದ್ದಳು. ಬೇರೆ ಬೇರೆ ಬಸ್ಸಿನಲ್ಲಿ ಬರುತ್ತಿದ್ದರು. ಊಟಕ್ಕೆ ಬೇರೆ ಬೇರೆ ಹೊತ್ತಿಗೆ ಕೂರುತ್ತಿದ್ದರು, ಒಂದೇ ಪಾತ್ರೆಯಲ್ಲಿ ಮಾಡಿದ ಪಲ್ಯ ಎರಡು ಡಬ್ಬಿಯಲ್ಲಿರುವುದು ಯಾರಿಗೂ ಕಾಣಬಾರದೆಂದು. ಆಮೇಲೆ ಆಟ ರೂಢಿಯಾಯಿತು. ಒಂದು ಭಾನುವಾರ ಮನೆಯಲ್ಲಿ ಮಗಳು ಬಚ್ಚಲಿನಿಂದ "ಅಕ್ಕಾ, ಟವಲ್ ಕೊಡು" ಎಂದಳು. ತಾಯಿ "ಬಂದೆ" ಎಂದಳು. ಟವಲು ಕೈ ಬದಲಾದ ಮೇಲೆ ಇಬ್ಬರಿಗೂ ಗೊತ್ತಾಯಿತು. ಯಾರೂ ನಗಲಿಲ್ಲ.

ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ. ಮೇಲೆ ಹೊಗೆ ಎಳೆಯುವ ಯಂತ್ರ, ಕೆಳಗೆ ಒಂದು ಆಳು ಮಲಗುವಷ್ಟು ಉದ್ದದ ಎಣ್ಣೆ ತೊಟ್ಟಿ. ತಾಯಿ ಉಬ್ಬಿದ ಹಿಟ್ಟಿನ ಬಳೆಗಳನ್ನು ಒಂದೊಂದಾಗಿ ಜಾಲರಿಯ ಮೇಲೆ ಇಡಬೇಕು. ಜೋರಾಗಿ ಹಿಡಿದರೆ ಗಾಳಿ ಇಳಿದು ಚಪ್ಪಟೆಯಾಗುತ್ತದೆ. ಜಾಲರಿಯನ್ನು ಎಣ್ಣೆಗೆ ಇಳಿಸಬೇಕು. ಎರಡು ಉದ್ದ ಕಡ್ಡಿಗಳಿಂದ ಇಪ್ಪತ್ತನಾಲ್ಕನ್ನೂ ಮಗುಚಬೇಕು. ಎತ್ತಬೇಕು, ಬಿಸಿಯಿರುವಾಗಲೇ ಸಕ್ಕರೆ ಪಾಕ ಸುರಿಯಬೇಕು. ನಡುವೆ ಬಿಡುವಿದ್ದಾಗ, ಬಳೆ ಕತ್ತರಿಸಿ ಮಿಕ್ಕ ಹಿಟ್ಟಿನ ಚೂರುಗಳನ್ನು ಗುಡ್ಡೆ ಹಾಕಿ ಮತ್ತೆ ನಾದಬೇಕು. ಅದು ಕೈಯಲ್ಲೇ ಆಗಬೇಕು. ಪ್ಲಾಸ್ಟಿಕ್ ಕೈಗವಸು ಎಣ್ಣೆಯ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತಿತ್ತು. ಹಾಗಾಗಿ ಕಂಪನಿಯ ಕಾಗದದ ಮೇಲೆ ಎಲ್ಲರೂ ಕೈಗವಸು ಹಾಕುತ್ತಿದ್ದರು, ಎಣ್ಣೆಯ ಮುಂದೆ ಯಾರೂ ಹಾಕುತ್ತಿರಲಿಲ್ಲ.

ಅವಳ ಮೊಣಕೈವರೆಗೂ ಚುಕ್ಕೆಗಳಿದ್ದವು. ಕೆಲವು ಕಪ್ಪು, ಕೆಲವು ಇನ್ನೂ ಕೆಂಪು. ರಾತ್ರಿ ಮಲಗಿದಾಗ ಕಾಲ ಮೀನಖಂಡ ತಾನಾಗಿಯೇ ಕುಣಿಯುತ್ತಿತ್ತು.

"ಎಣ್ಣೆಯಕ್ಕಾ, ಡೋನಟ್ ನಡುವೆ ತೂತು ಯಾಕಿದೆ ಗೊತ್ತಾ?" ಎಂದು ಕಾಫಿ ಯಂತ್ರದ ಮುಂದೆ ನಿಲ್ಲುವವನು ಆಗಾಗ ಕೇಳುತ್ತಿದ್ದ.

"ಯಾಕಪ್ಪಾ?"

"ನಮ್ಮ ರಜೆಗಳೆಲ್ಲ ಅದರಲ್ಲೇ ಬಿದ್ದುಹೋಗಿರೋದು."

ಗಾಯವಾದವರು ಹಿಂದಿನ ಕೋಣೆಗೆ ಬರುವಂತಿಲ್ಲ ಎಂಬುದೂ ಒಂದು ನಿಯಮ. ಮಾಯುವ ತನಕ ಮನೆಯಲ್ಲಿರಬೇಕು. ಮನೆಯಲ್ಲಿದ್ದ ದಿನಕ್ಕೆ ಸಂಬಳವಿಲ್ಲ. ಸಣ್ಣ ಗಾಯವಾದರೆ ಗೋಡೆಯ ಡಬ್ಬಿಯಲ್ಲಿ ನೀಲಿ ಪಟ್ಟಿ ಇರುತ್ತದೆ, ಅಂಟಿಸಿಕೊಂಡು ಮ್ಯಾನೇಜರಿಗೆ ತೋರಿಸಬೇಕು. ತಿನ್ನುವ ಪದಾರ್ಥ ಯಾವುದೂ ಆ ನೀಲಿ ಬಣ್ಣದ್ದಲ್ಲ. ಹಿಟ್ಟಿಗೆ ಬಿದ್ದರೂ ಥಟ್ಟನೆ ಕಣ್ಣಿಗೆ ಬೀಳಲಿ ಎಂದೇ ಅದು ನೀಲಿ. ಆದರೆ ಡಬ್ಬಿ ಖಾಲಿಯಾಗಿ ನಾಲ್ಕು ತಿಂಗಳಾಗಿತ್ತು. ತುಂಬಿದ್ದಾಗಲೂ ಯಾರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ನೀಲಿ ಬೆರಳು ಕಂಡರೆ ಮ್ಯಾನೇಜರ್ ಕೈಯಾಡಿಸಿ ಬಾಗಿಲು ತೋರಿಸುತ್ತಿದ್ದ.

ತಾಯಿಯ ಬಲಗೈ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆದಾಗ ಅವಳು ಮಗಳಿಗೆ ಮಾತ್ರ ತೋರಿಸಿದಳು. ಮಗಳು ಔಷಧದ ಅಂಗಡಿಗೆ ಹೋದಳು. ಅಲ್ಲಿ ಬಿಳಿ ಪಟ್ಟಿ ಇತ್ತು. ಮಕ್ಕಳಿಗೆಂದು ಬೊಂಬೆ ಚಿತ್ರದ್ದಿತ್ತು. ಮೈಬಣ್ಣದ್ದು ಮೂರು ಬಗೆಯಲ್ಲಿತ್ತು. ತಾಯಿಯದೂ ಅವಳದೂ ಒಂದೇ ಬಣ್ಣ. ಮೂರನ್ನೂ ತನ್ನ ಮಣಿಕಟ್ಟಿನ ಮೇಲಿಟ್ಟು ನೋಡಿದಳು. ಹೊರಗೆ ಬೆಳಕಿಗೆ ತಂದು ಇನ್ನೊಮ್ಮೆ ನೋಡಿದಳು. ಸೀರೆಗೆ ರವಿಕೆ ಬಣ್ಣ ಹೊಂದಿಸುವವರ ಹಾಗೆ ಹೊಂದಿಸಿ, ನಡುವಿನದನ್ನು ಆರಿಸಿದಳು.

ಬೆಳಿಗ್ಗೆ ಅವಳೇ ಅಂಟಿಸಿದಳು. ತಾಯಿ ಕೈ ಎತ್ತಿ, ತಿರುಗಿಸಿ, "ಎಲ್ಲಿ ಅಂಟಿಸಿದ್ದೀಯ ಅಂತ ನಂಗೇ ಕಾಣಲ್ವಲ್ಲೇ!" ಎಂದಳು. ಮಗಳಿಗೆ ಹೆಮ್ಮೆಯಾಯಿತು.

ಮೂರನೆಯ ದಿನ, ಮಧ್ಯಾಹ್ನದ ನೂಕುನುಗ್ಗಲಿನಲ್ಲಿ, ತಟ್ಟೆ ದಾಟಿಸುವ ಕಿಂಡಿಯಲ್ಲಿ ತಾಯಿಯ ಮುಖ ಕಂಡಿತು. ಅವಳು ಮಾತಾಡದೆ ಹೆಬ್ಬೆರಳು ಎತ್ತಿ ತೋರಿಸಿದಳು. ಗಾಯದ ಮೇಲೆ ಪಟ್ಟಿ ಇರಲಿಲ್ಲ.

"ಎಲ್ಲೋಯ್ತು?"

"ಗೊತ್ತಿಲ್ಲ. ಚೂರು ಹಿಟ್ಟು ನಾದಿದೆ, ಆಗ ಇತ್ತೋ ಇಲ್ವೋ. ಅದು ಆಗಲೇ ಕರಿದಾಯ್ತು. ಆ ಎರಡು ತಟ್ಟೆ ಎಸೆದುಬಿಡ್ಲಾ?"

ಎಸೆಯಬೇಕಾದರೆ ಮ್ಯಾನೇಜರಿಗೆ ಹೇಳಬೇಕು. ಯಾಕೆ ಎಂದು ಅವನು ಕೇಳುತ್ತಾನೆ. ಕೌಂಟರಿನ ಮುಂದೆ ಹತ್ತು ಜನ ಕಾಯುತ್ತಿದ್ದರು. ಒಬ್ಬ ಬೆರಳಿಂದ ಗಾಜು ಬಡಿಯುತ್ತಿದ್ದ.

"ಸುಮ್ನಿರು ಅಕ್ಕಾ. ಎಲ್ಲೋ ಕಸಕ್ಕೆ ಬಿದ್ದಿರುತ್ತೆ," ಎಂದಳು ಮಗಳು.

ಆ ಎರಡು ತಟ್ಟೆಗಳನ್ನು ಅವಳೇ ಮಾರಿದಳು. ಇಕ್ಕಳದಲ್ಲಿ ಒಂದೊಂದನ್ನೂ ಎತ್ತಿ, ಮೇಲೆ ಕೆಳಗೆ ನೋಡಿ, ಚೀಲಕ್ಕೆ ಹಾಕಿದಳು. ಎಲ್ಲವೂ ಕಂದು. ಎಲ್ಲದರ ಮೇಲೂ ಪಾಕ ಹೊಳೆಯುತ್ತಿತ್ತು. ಅವಳು ಅಷ್ಟು ಅಕ್ಕರೆಯಿಂದ ಆರಿಸಿದ ಬಣ್ಣ ಅವಳ ಕಣ್ಣಿಗೇ ಸಿಗಲಿಲ್ಲ.

ಸಂಜೆಯ ಹೊತ್ತಿಗೆ ಚಿತ್ರ ಎಲ್ಲರ ಫೋನಿನಲ್ಲಿತ್ತು. ಅರ್ಧ ಕಚ್ಚಿದ ಡೋನಟ್, ಕಚ್ಚಿದ ಕಡೆಯಿಂದ ನಾಲಿಗೆಯ ಹಾಗೆ ಹೊರಬಂದ ಪಟ್ಟಿ. ನಾಲ್ಕು ವರ್ಷದ ಮಗುವಿನ ಬಾಯಿಂದ ತೆಗೆದೆ ಎಂದು ಅದರ ತಾಯಿ ಬರೆದಿದ್ದಳು. ಕೆಳಗೆ ಸಾವಿರ ಜನರ ಮಾತು. ಕೊಳಕು ಜನ. ಎಂಥೆಂಥವರನ್ನೋ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ಆ ಕೈಯನ್ನು ಕತ್ತರಿಸಬೇಕು. ಮಗಳು ಬಸ್ಸಿನಲ್ಲಿ ಕೂತು ಎಲ್ಲವನ್ನೂ ಓದಿದಳು. ಕೈಗೆ ಏನಾಗಿತ್ತು ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಮನೆಗೆ ಬಂದು ತಾಯಿಗೆ ಚಿತ್ರ ಮಾತ್ರ ತೋರಿಸಿದಳು. ತಾಯಿ ಅದರ ಮೇಲಿನ ಸಾಲು ಓದಿದಳು.

"ಮಗು ನುಂಗಿಲ್ಲ ತಾನೇ?"

"ಇಲ್ವಂತೆ."

ಮಾರನೆಯ ಬೆಳಿಗ್ಗೆ ಅಂಗಡಿ ಮುಚ್ಚಿತ್ತು. ಹೊರಗೆ ಹಲಗೆ ಹಿಡಿದು ಮೂವತ್ತು ಜನ ನಿಂತಿದ್ದರು. ಒಳಗೆ ಹದಿನಾಲ್ಕು ಜನ ಕೆಲಸಗಾರರು ಹಿಂದಿನ ಕೋಣೆಯ ಸ್ಟೀಲ್ ಮೇಜಿನ ಮೇಲೆ ಅಂಗೈ ಊರಿ ಸಾಲಾಗಿ ನಿಂತಿದ್ದರು. ಮ್ಯಾನೇಜರ್ ಟಾರ್ಚು ಹಿಡಿದು ಒಬ್ಬೊಬ್ಬರ ಬೆರಳು ಬಿಡಿಸಿ ನೋಡುತ್ತ ಬಂದ.

"ಸಾರ್, ಹಂಗೇ ನಂಗೆ ಮದುವೆ ಯೋಗ ಇದೆಯಾ ನೋಡ್ಬಿಡಿ," ಎಂದ ಕಾಫಿಯವನು. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಟಾರ್ಚು ಇನ್ನೂ ಮೂರು ಜನರಾಚೆ ಇರುವಾಗಲೇ ತಾಯಿ ಕೈ ಎತ್ತಿದಳು. "ನಂದು ಸಾರ್."

ಮ್ಯಾನೇಜರ್ ಅವಳ ಮಣಿಕಟ್ಟು ಹಿಡಿದು ಎಲ್ಲರಿಗೂ ಕಾಣುವಂತೆ ಮೇಲೆತ್ತಿದ. ಗಾಯದ ಅಂಚು ಹಸಿಯಾಗಿತ್ತು.

"ನಾಚ್ಕೆ ಆಗಲ್ವೇನೇ ನಿಂಗೆ? ಮಕ್ಕಳು ತಿನ್ನೋ ವಸ್ತು."

"ಆಗುತ್ತೆ ಸಾರ್."

"ಒಂಬತ್ತು ವರ್ಷ ಅನ್ನ ತಿಂದ ಮನೆ ಇದು."

ತಾಯಿ ತಲೆ ತಗ್ಗಿಸಿದಳು. ಸಾಲಿನ ಕೊನೆಯಲ್ಲಿ ಮಗಳ ಕೈಗಳು ಮೇಜಿನ ಮೇಲೇ ಇದ್ದವು. ಚುಕ್ಕೆಯಿಲ್ಲದ, ಉಗುರು ಒಪ್ಪವಾಗಿ ಕತ್ತರಿಸಿದ ಕೈಗಳು. ಅವಳಿಗೆ ಬಾಯಿ ತೆರೆಯಬೇಕು ಅನ್ನಿಸಿತು. ತೆರೆಯಲಿಲ್ಲ. ಉಕ್ಕಿನ ತಣುಪು ಅಂಗೈಯಿಂದ ಮೇಲಕ್ಕೆ ಹತ್ತುತ್ತಿತ್ತು, ಅಷ್ಟೇ.

"ಇವತ್ತೇ ಕೊನೆ ನಿಂಗೆ," ಎಂದ ಮ್ಯಾನೇಜರ್. ಆಮೇಲೆ ಏನೋ ನೆನಪಾಗಿ ನಿಂತ. "ಆದ್ರೆ ಮಧ್ಯಾಹ್ನದವರೆಗೂ ಇರು. ಶೂಟಿಂಗ್ ಇದೆ. ಹೊಸಬಳು ನಾಳೆ ಬರೋದು. ಕರಿಯೋಕೆ ಬೇರೆ ಯಾರಿಗೂ ಬರಲ್ಲ."

ಕಂಪನಿಯ ದೊಡ್ಡ ಆಫೀಸಿನಿಂದ ಒಬ್ಬ ಹೆಂಗಸು, ಕ್ಯಾಮೆರಾದವನೊಬ್ಬ ಬಂದಿದ್ದರು. ಜನರ ಕ್ಷಮೆ ಕೇಳುವ ಒಂದು ನಿಮಿಷದ ವಿಡಿಯೋ. ಮುಂದೆ ನಿಂತು ಒಬ್ಬರು ಓದಬೇಕು. ಹಿಂದೆ ಎಣ್ಣೆ ತೊಟ್ಟಿ ಕಾಣಬೇಕು, ಹೊಸ ಬಿಳಿ ಕೈಗವಸಿನಲ್ಲಿ ಎರಡು ಕೈಗಳು ಡೋನಟ್ ಮಗುಚುತ್ತಿರಬೇಕು. ಮುಖ ಬೇಡ, ಕೈ ಸಾಕು. ಹೆಂಗಸು ಸಾಲಿನ ಉದ್ದಕ್ಕೂ ಕಣ್ಣಾಡಿಸಿ ಮಗಳನ್ನು ಆರಿಸಿದಳು. "ಮುಖ ಲಕ್ಷಣವಾಗಿದೆ. ಓದಿರೋಳು ಅಲ್ವಾ? ಉಚ್ಚಾರ ಚೆನ್ನಾಗಿರುತ್ತೆ."

ಹಾಳೆ ಕೈಗೆ ಬಂತು. ಅದರಲ್ಲಿ ಹೀಗಿತ್ತು: ಒಬ್ಬ ಕೆಲಸಗಾರ್ತಿಯ ಕೊಳಕು ಅಭ್ಯಾಸದಿಂದ ಈ ತಪ್ಪು ನಡೆದಿದೆ. ಅಂಥವರಿಗೆ ನಮ್ಮ ಕುಟುಂಬದಲ್ಲಿ ಜಾಗವಿಲ್ಲ. ಅವರನ್ನು ಹೊರಹಾಕಿದ್ದೇವೆ. ನಮ್ಮ ಕೈಗಳು ಶುದ್ಧವಾಗಿವೆ.

ಹಿಟ್ಟಿನ ಮೂಟೆಗಳಿಡುವ ಸಣ್ಣ ಕೋಣೆಯಲ್ಲಿ ಇಬ್ಬರಿಗೂ ಎರಡು ನಿಮಿಷ ಸಿಕ್ಕಿತು. ಮಗಳು ಹಾಳೆಯನ್ನು ತಾಯಿಯ ಮುಂದೆ ಹಿಡಿದಳು. ತಾಯಿ ತುಟಿಯಾಡಿಸುತ್ತ ನಿಧಾನವಾಗಿ ಓದಿದಳು.

"ನಾನು ಓದಲ್ಲ ಇದನ್ನ."

"ಓದು."

"ಅಮ್ಮಾ, ಏನು ಬರ್ದಿದೆ ನೋಡಿದ್ಯಾ?"

"ಮೆತ್ತಗೆ ಮಾತಾಡು. ಅಮ್ಮ ಅನ್ಬೇಡ. ಓದು ಸುಮ್ನೆ. ಇಬ್ರೂ ಮನೇಲಿ ಕೂತ್ರೆ ಒಲೆ ಹತ್ತಲ್ಲ. ಕೊಳಕಿ ಅಂದ್ರೆ ನನ್ನ ಮೈಗೇನು ಅಂಟ್ಕೊಳುತ್ತಾ?"

"ಪಟ್ಟಿ ತಂದೋಳು ನಾನು. ಎಸೀಬೇಡ ಅಂದೋಳೂ ನಾನೇ."

"ಕೈ ನಂದು ತಾನೇ," ಎಂದಳು ತಾಯಿ. ಮಗಳ ಟೋಪಿ ಸರಿಮಾಡಿ, ಕಿವಿಯ ಹಿಂದೆ ಒಂದು ಎಳೆ ಕೂದಲು ತೂರಿಸಿ, ಹೊರಗೆ ಹೋದಳು.

ಮೊದಲನೆಯ ಸಲ ಹೊರಗಿನ ಕೂಗು ಕೇಳಿಸಿ ನಿಲ್ಲಿಸಿದರು.

ಎರಡನೆಯ ಸಲ ಅವಳು ಪೂರ್ತಿ ಓದಿದಳು. ದೊಡ್ಡ ಆಫೀಸಿನವಳು ತಲೆ ಅಲ್ಲಾಡಿಸಿದಳು. "ಕೊಳಕು ಅನ್ನೋ ಮಾತನ್ನ ನುಂಗ್ತಾ ಇದ್ದೀಯ. ಅದೇ ಮುಖ್ಯ. ಆ ಕಡೆ ಮಗೂನ ತಾಯಿ ಕೂತು ನೋಡ್ತಿರ್ತಾಳೆ. ಅವಳ ಹೊಟ್ಟೆ ತಣ್ಣಗಾಗ್ಬೇಕು. ನಿಂಗೆ ಅಸಹ್ಯ ಆಗಿದೆ, ತಿಳೀತಾ? ಮುಖದಲ್ಲಿ ತೋರ್ಸು."

ಮೂರನೆಯ ಸಲ ಅಸಹ್ಯ ತಾನಾಗಿಯೇ ಬಂತು. ಔಷಧದ ಅಂಗಡಿಯ ಬಾಗಿಲಲ್ಲಿ ಬೆಳಕಿಗೆ ಕೈಯೊಡ್ಡಿ ಬಣ್ಣ ಹೊಂದಿಸುತ್ತಿದ್ದ ಹುಡುಗಿಯನ್ನು ನೆನೆದಳು. ಆ ಅಸಹ್ಯ ಅವಳ ಮೇಲೆ, ತನ್ನ ಮೇಲೆಯೇ. ಮೂಗಿನ ಹೊಳ್ಳೆ ಅಗಲವಾದವು, ತುಟಿ ಒಂದು ಕಡೆ ಸೊಟ್ಟಗಾಯಿತು, "ಕೊಳಕು" ಎಂಬ ಮಾತು ಉಗುಳಿದ ಹಾಗೆ ಬಂತು.

"ಇದು! ಇದೇ ಬೇಕಾಗಿತ್ತು!" ಎಂದಳು ದೊಡ್ಡ ಆಫೀಸಿನವಳು.

ಆಗ ಸೀದ ವಾಸನೆ ಬಂತು. ಎಲ್ಲರೂ ತಿರುಗಿದರು. ತೊಟ್ಟಿಯಲ್ಲಿ ಇಪ್ಪತ್ತನಾಲ್ಕು ಬಳೆಗಳೂ ಮಗುಚದೆ ಬಿದ್ದಿದ್ದವು. ತಳ ಕರ್ರಗಾಗಿ ಹೊಗೆ ಏಳುತ್ತಿತ್ತು. ಒಂಬತ್ತು ವರ್ಷದಲ್ಲಿ ತಾಯಿ ಒಂದು ತಟ್ಟೆಯನ್ನೂ ಸೀಯಿಸಿದವಳಲ್ಲ. ಎರಡು ಕಡ್ಡಿಗಳು ಬಿಳಿ ಕೈಗವಸಿನಲ್ಲಿ ಗಾಳಿಯಲ್ಲಿ ನಿಂತಿದ್ದವು. ಹೆಬ್ಬೆರಳ ಬುಡದಲ್ಲಿ ಕೈಗವಸು ಕರಗಿ ಚರ್ಮಕ್ಕೆ ಹತ್ತಿಕೊಂಡಿತ್ತು. ಅವಳು ಅದನ್ನು ನೋಡುತ್ತಲೂ ಇರಲಿಲ್ಲ.

"ಏನು ನಿದ್ದೆ ಮಾಡ್ತಿದ್ದೀಯೇನೇ?" ಎಂದು ಮ್ಯಾನೇಜರ್ ಕೂಗಿದ. "ತೆಗಿ ಅದನ್ನ! ಬೇರೆ ಹಾಕು. ಇನ್ನೊಂದು ಸಲ ತಗೋಬೇಕು, ಹೊಗೆ ಬಂದ್ಬಿಟ್ಟಿದೆ."

ತಾಯಿ ಬೇರೆ ತಟ್ಟೆ ಇಳಿಸಿದಳು. ಎಣ್ಣೆ ಸದ್ದು ಮಾಡಿತು. ಕ್ಯಾಮೆರಾದವನು ಶುರು ಎಂದು ಬೆರಳು ತೋರಿಸಿದ.

"ಓದಲ್ಲ," ಎಂದಳು ಮಗಳು.

"ಏನಾಯ್ತು? ನೀರು ಬೇಕಾ?"

"ಬೇಡ. ಓದಲ್ಲ. ಹೊರಹಾಕಿದ್ದೀವಿ ಅಂತ ಬರ್ದಿದೆ. ಹೊರಹಾಕಿಸ್ಕೊಂಡೋರೇ ನನ್ನ ಹಿಂದೆ ನಿಂತು ಡೋನಟ್ ಕರೀತಿದ್ದಾರೆ. ಕೊಳಕು ಅಂತ ಬರ್ದಿರೋದು ಆ ಕೈನೇ. ಶುದ್ಧವಾದ ಕೈ ಅಂತ ತೋರಿಸ್ತಿರೋದೂ ಅದನ್ನೇ. ನೀಲಿ ಪಟ್ಟಿ ಡಬ್ಬಿ ಅಲ್ಲಿದೆ. ನಾಲ್ಕು ತಿಂಗಳಿಂದ ಖಾಲಿ. ಅದನ್ನ ತೋರ್ಸಿ ಮೊದಲು." ಅವಳು ತೊಟ್ಟಿಯ ಕಡೆ ತಿರುಗಿದಳು. "ಅವರು ನಮ್ಮಮ್ಮ. ನಾನು ಅವರ ಮಗಳು."

ಕ್ಯಾಮೆರಾದವನು ಯಾರೂ ಹೇಳದೆಯೇ ಕ್ಯಾಮೆರಾ ನಿಲ್ಲಿಸಿದ.

ಮ್ಯಾನೇಜರ್ ಹತ್ತಿರ ಬಂದ. ಅಷ್ಟು ಮಾತಿನಲ್ಲಿ ಅವನ ಕಿವಿಗೆ ಬಿದ್ದದ್ದು ಒಂದೇ. "ಅಂದ್ರೆ ಅರ್ಜಿಯಲ್ಲಿ ಸುಳ್ಳು ಬರ್ದಿದ್ದೀಯಾ?"

"ಇಲ್ಲ ಸಾರ್!" ತಾಯಿ ಕಡ್ಡಿ ಬಿಸಾಕಿ ಓಡಿಬಂದಳು. ಕೈ ಜೋಡಿಸಿದಳು, ಕರಗಿದ ಕೈಗವಸಿನ ಸಮೇತ. "ಈ ಹುಡುಗಿ ನಂಗೆ ಏನೂ ಆಗಬೇಕಿಲ್ಲ ಸಾರ್. ಪಾಪದ್ದು, ಕನಿಕರಕ್ಕೆ ಹಂಗಂತಿದೆ. ನಂಗೆ ಮಕ್ಕಳೇ ಇಲ್ಲ ಸಾರ್. ಇವಳು ಯಾರೋ, ನಾನು ಯಾರೋ. ಅವಳು ಓದ್ತಾಳೆ. ಓದ್ತೀಯ ಅಲ್ವೇನಮ್ಮಾ? ಹೇಳಮ್ಮಾ ಸಾರ್‌ಗೆ."

ಮಗಳು ತಾಯಿಯ ಮುಖ ನೋಡಿದಳು. ಅಷ್ಟು ಚೆನ್ನಾಗಿ ಸುಳ್ಳು ಹೇಳುವ ಮುಖವನ್ನು ಅವಳು ನೋಡಿರಲಿಲ್ಲ. ಅವಳು ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಹಾಳೆಯನ್ನು ಎಣ್ಣೆಗೆ ಹಾಕಿದಳು. ಅದು ಒಮ್ಮೆ ಮುದುರಿ, ಬಳೆಗಳ ನಡುವೆ ತೇಲಿತು.

"ಬಾ ಅಮ್ಮಾ," ಎಂದಳು.

ಹನ್ನೆರಡು ಜನ ಗೋಡೆಗೆ ಒತ್ತಿ ದಾರಿ ಬಿಟ್ಟರು. ಕಾಫಿಯವನು ಒಂದು ಹೆಜ್ಜೆ ಮುಂದಿಟ್ಟು, ಮ್ಯಾನೇಜರನ್ನು ನೋಡಿ, ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಅವನ ಮನೆಯಲ್ಲೂ ಒಲೆ ಇತ್ತು.

ಹೊರಗೆ ಬಿಸಿಲು ಕಣ್ಣಿಗೆ ಚುಚ್ಚಿತು. ತಾಯಿ ಮುಂದೆ ನಡೆದಳು. ಬೈಯಲಿ ಎಂದು ಮಗಳು ಕಾದಳು. ನಿನ್ನ ಬಾಯಿಗೆ ಮಣ್ಣು ಬೀಳ ಎಂದಾದರೂ ಅನ್ನಲಿ. ಅನ್ನಲಿಲ್ಲ. ಹಲಗೆ ಹಿಡಿದವರು ಅವರ ಸಮವಸ್ತ್ರ ನೋಡಿ ಕೂಗು ಜೋರು ಮಾಡಿದರು. "ಕೊಳಕು ಕೈಗಳಿಂದ ನಮ್ಮ ಮಕ್ಕಳನ್ನು ಕಾಪಾಡಿ" ಎಂದು ದೊಡ್ಡ ಹಲಗೆಯಲ್ಲಿತ್ತು. ಅದನ್ನು ಹಿಡಿದವಳ ಕಾಲಿಗೆ ಒಂದು ಮಗು ಜೋತುಬಿದ್ದಿತ್ತು.

ತಾಯಿ ನೇರ ಅವಳ ಬಳಿಗೆ ಹೋದಳು.

"ಇದೇ ಮಗುನಾ ಅಮ್ಮಾ?"

"ಹೌದು. ಯಾಕೆ?"

"ಆ ಪಟ್ಟಿ ನನ್ನ ಕೈದು. ಬೇಕೂಂತ ಅಲ್ಲ. ತಪ್ಪಾಯ್ತು. ಹೊಟ್ಟೆಗೇನೂ ಹೋಗಿಲ್ಲ ತಾನೇ? ಊಟ ಮಾಡ್ತಾನಾ?"

ಕೂಗು ನಿಂತಿತು. ಹೆಂಗಸು ಮಗುವನ್ನು ಬೆನ್ನ ಹಿಂದಕ್ಕೆ ಸರಿಸಿದಳು. ಅವಳ ಮುಖ ಕೆಟ್ಟದ್ದೇನಲ್ಲ. ನಿದ್ದೆಗೆಟ್ಟ ಮುಖ. "ಮಾಡ್ತಾನೆ," ಎಂದಳು. ಆಮೇಲೆ, "ನೋಡಿ, ನಮ್ಮ ಸಿಟ್ಟು ನಿಮ್ಮ ಮೇಲಲ್ಲ. ಕಂಪನಿ ಮೇಲೆ."

"ಹಲಗೇಲಿ ಕಂಪನಿ ಎಲ್ಲಿದೆ?" ಎಂದಳು ಮಗಳು. "ಕೈ ಅಂತ ಇದೆ. ಕೈ ಅಂದ್ರೆ ಇವರು. ಖಾಲಿ ಡಬ್ಬಿ ನೇತುಹಾಕಿರೋ ಗೋಡೆ ಬಗ್ಗೆ ಬರೀರಿ. ಗಾಯ ಆದ್ರೆ ಅನ್ನ ಕಿತ್ಕೊಳೋದರ ಬಗ್ಗೆ ಬರೀರಿ. ನಾನು ಹೇಳ್ತೀನಿ, ಎಲ್ಲಾ ಹೇಳ್ತೀನಿ, ಫೋನ್ ತೆಗೀರಿ."

ಇಬ್ಬರು ಫೋನು ಎತ್ತಿದರು. ಒಬ್ಬ ಮುದುಕ, "ಅದೆಲ್ಲಾ ನಿಮ್ಮ ಒಳಗಿನ ವಿಷಯ ಕಣಮ್ಮಾ. ನಮ್ದು ಶುಚಿತ್ವದ ಪ್ರಶ್ನೆ," ಎಂದ. ಫೋನುಗಳು ಇಳಿದವು. ಮಗುವಿನ ತಾಯಿ ಹಲಗೆಯ ಬರಹವನ್ನು ತಾನೇ ಹೊಸದಾಗಿ ಓದುವವಳಂತೆ ಒಮ್ಮೆ ನೋಡಿದಳು. ಕೆಳಗೆ ಮಾತ್ರ ಇಳಿಸಲಿಲ್ಲ.

ಸ್ವಲ್ಪ ದೂರದಲ್ಲಿ ಒಂದು ಕಟ್ಟೆಯಿತ್ತು. ಮಗಳು ತಾಯಿಯನ್ನು ಕೂರಿಸಿ, ಕೈಗವಸಿನ ಕರಗಿದ ಅಂಚನ್ನು ಉಗುರಿನಿಂದ ಬಿಡಿಸತೊಡಗಿದಳು. ಚರ್ಮ ಜೊತೆಗೇ ಬರುತ್ತಿತ್ತು. ತಾಯಿ ಕೈ ಎಳೆದುಕೊಳ್ಳಲಿಲ್ಲ.

"ಬೈಯಮ್ಮಾ," ಎಂದಳು ಮಗಳು. "ಏನಾದ್ರೂ ಅನ್ನು."

ತಾಯಿ ರಸ್ತೆಯನ್ನೇ ನೋಡುತ್ತಿದ್ದಳು.

"ಮೂರನೇ ಸಲ ಚೆನ್ನಾಗಿ ಓದಿದೆ," ಎಂದಳು ಕೊನೆಗೆ. "ಎರಡು ಸಲ ನಂಗೇನೂ ಅನ್ನಿಸ್ಲಿಲ್ಲ. ನಾನೇ ಓದು ಅಂದಿದ್ನಲ್ಲಾ. ಮೂರನೇ ಸಲ ಓದಿದಾಗ, ಇರಬಹುದೇನೋ ಅನ್ನಿಸ್ತು ಕಣೇ. ಕೊಳಕಿನೇ ಇರಬಹುದು ನಾನು. ಅದಕ್ಕೇ ಕೈ ನಿಂತುಹೋಯ್ತು."

ಮಗಳ ಬೆರಳು ನಿಂತಿತು. ಹೇಳಬೇಕಾದ ಮಾತು ಲೋಕದಲ್ಲಿ ಒಂದಾದರೂ ಇರಬೇಕು. ಅವಳು ಓದಿದ್ದ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಅದು ನಿನ್ನ ಮೇಲಿನ ಅಸಹ್ಯವಲ್ಲ ಅಮ್ಮಾ, ನನ್ನ ಮೇಲಿನದು ಎನ್ನಲು ಬಾಯಿ ತೆರೆದಳು. ಮತ್ತೆ ಬಗ್ಗಿ ಕೈಗವಸಿನ ಕೊನೆಯ ಚೂರು ಬಿಡಿಸಿದಳು. ಹೇಳಿದ್ದರೂ ತಾಯಿಯ ಕಿವಿಗೆ ಬಿದ್ದ ಆ ದನಿ ಬಿದ್ದದ್ದೇ.

ಬಸ್ಸು ಬಂತು. ಬಾಗಿಲು ತೆರೆಯಿತು. ತಾಯಿ ಎದ್ದಳು, ಆದರೆ ಬಸ್ಸಿನ ಕಡೆ ಹೋಗಲಿಲ್ಲ. ಬಂದ ದಾರಿಯಲ್ಲೇ ತಿರುಗಿ ನಡೆದಳು. ಹಲಗೆಯವರನ್ನು ದಾಟಿ, ಅಂಗಡಿಯ ದೊಡ್ಡ ಗಾಜಿನ ಎದುರು, ಕಾಲು ತುಸು ಅಗಲಿಸಿ ನಿಂತಳು. ಕೈಗವಸಿಲ್ಲದ ಎರಡೂ ಕೈಗಳನ್ನು ಮುಂದಕ್ಕೆ ಬಿಟ್ಟುಕೊಂಡಿದ್ದಳು. ಗಾಜಿನ ಒಳಗಿದ್ದ ಮ್ಯಾನೇಜರ್ ಹೋಗು ಎಂದು ಕೈಯಾಡಿಸಿದ. ಅವಳು ಹೋಗಲಿಲ್ಲ.

"ಏನ್ಮಾಡ್ತಿದ್ದೀಯಮ್ಮಾ?" ಮಗಳು ಓಡಿಬಂದು ಕೇಳಿದಳು.

"ನಿಲ್ತೀನಿ," ಎಂದಳು ತಾಯಿ. "ಮಾತಾಡೋಕೆ ನಂಗೆ ಬರಲ್ಲ. ನಿಲ್ಲೋದು ಬರುತ್ತೆ. ನೋಡ್ಲಿ, ಎಷ್ಟು ಹೊತ್ತು ನೋಡ್ತಾರೋ."

ಹಲಗೆಯವರು ಎರಡು ಹೆಜ್ಜೆ ಸರಿದರು. ಅವಳ ಎರಡೂ ಬದಿ ಖಾಲಿಯಾಯಿತು. ಮಗಳು ಹೋಗಿ ಎಡಕ್ಕೆ ನಿಂತಳು. ಬಲಕ್ಕೆ ಯಾರೂ ಬರಲಿಲ್ಲ.